ನಿಲ್ಲುವ ವಿದ್ಯೆ

ಮಳೆ ಬಂದು ನಿಂತ ಒಂದು ಸಂಜೆ. ನಗರದ ಸಮತಟ್ಟಾದ ಬೀದಿಯೊಂದರಲ್ಲಿ, ಕಚೇರಿಯ ಕೆಲಸವನ್ನು ಮುಗಿಸಿದ ಸವಾರನೊಬ್ಬನು ವಿದ್ಯುತ್ ಬೈಸಿಕಲ್ಲಿನ ಮೇಲೆ ಮನೆಯ ಕಡೆಗೆ ಸಾಗಿದ್ದಾನೆ. ಆತನ ವಾಹನ ಚಿಕ್ಕದು. ಅದರ ಚಕ್ರಗಳು ಮಕ್ಕಳ ಸೈಕಲ್ಲಿನ ಚಕ್ರಗಳಷ್ಟೇ ಕಿರಿದು. ನಡುವಿನ ಕೀಲನ್ನು ಸಡಿಲಿಸಿ ಮಡಿಚಿದರೆ ಮೇಜಿನ ಕೆಳಗೆ ಸರಿಸಿ ಇಡಬಹುದಾದಂಥದು. ಆದರೆ ಅದರ ವೇಗ ಮಾತ್ರ ಚಿಕ್ಕದಲ್ಲ. ಗಂಟೆಗೆ 25 ಕಿಲೋಮೀಟರು. ಇದ್ದಕ್ಕಿದ್ದಂತೆ 20 ಮೀಟರುಗಳಷ್ಟು ಮುಂದೆ ಹುಡುಗನೊಬ್ಬನು ಉರುಳಿಹೋದ ಚೆಂಡಿನ ಬೆನ್ನು ಹತ್ತಿ ಬೀದಿಗೆ ಇಳಿಯುತ್ತಾನೆ. ಸವಾರನ ಎರಡು ಕೈಗಳೂ ಬ್ರೇಕಿನ ಹಿಡಿಗಳನ್ನು ಅದುಮುತ್ತವೆ.

ಮುಂದೆ ಏನಾಗುವುದೆಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಗಂಟೆಗೆ 25 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು 7 ಮೀಟರು. ಅಪಾಯವನ್ನು ಕಂಡು, ಅದು ಅಪಾಯವೆಂದು ಅರಿತು, ಬೆರಳುಗಳನ್ನು ಬಿಗಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆಂದು ಇಟ್ಟುಕೊಂಡರೆ, ಬ್ರೇಕು ಹಿಡಿಯುವ ಮೊದಲೇ 7 ಮೀಟರು ದಾರಿ ಸವೆದಿರುತ್ತದೆ. ಬ್ರೇಕು ಒಳ್ಳೆಯದಾಗಿದ್ದು, ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ 3 ಮೀಟರಿನಷ್ಟು ವೇಗವನ್ನು ತಗ್ಗಿಸಬಲ್ಲದಾದರೆ, ವಾಹನ ನಿಲ್ಲಲು ಇನ್ನೂ 8 ಮೀಟರು ಬೇಕು. ಒಟ್ಟು 15 ಮೀಟರು. ಹುಡುಗನಿಗೂ ಚಕ್ರಕ್ಕೂ ನಡುವೆ 5 ಮೀಟರು ಉಳಿಯುತ್ತದೆ. ಬ್ರೇಕಿನ ಶಕ್ತಿ ಇದರ ಅರ್ಧದಷ್ಟೇ ಇದ್ದರೆ? ನಿಲ್ಲುವುದಕ್ಕೆ ಒಟ್ಟು 23 ಮೀಟರು ಬೇಕಾಗುವುದು. ಹುಡುಗನು ನಿಂತಿರುವ ಜಾಗವನ್ನು ತಲಪುವಾಗ ವಾಹನ ಗಂಟೆಗೆ ಸುಮಾರು 11 ಕಿಲೋಮೀಟರು ವೇಗದಲ್ಲಿ ಇನ್ನೂ ಉರುಳುತ್ತಲೇ ಇರುವುದು. ಸವಾರನ ಎಚ್ಚರ ಎರಡು ಸಂದರ್ಭಗಳಲ್ಲಿಯೂ ಒಂದೇ. ಭೇದವೆಲ್ಲ ಚಕ್ರದ ಬಳಿ ಅಡಗಿರುವ ಎರಡು ಚಿಕ್ಕ ತುಂಡುಗಳಲ್ಲಿ ಇದೆ.

ಬ್ರೇಕು ವೇಗವನ್ನು ನುಂಗಿಹಾಕುತ್ತದೆಂದು ಸಾಮಾನ್ಯವಾಗಿ ತಿಳಿಯುವುದುಂಟು. ವಾಸ್ತವವಾಗಿ ಅದು ಒಂದು ಬಗೆಯ ಶಕ್ತಿಯನ್ನು ಇನ್ನೊಂದು ಬಗೆಯ ಶಕ್ತಿಯನ್ನಾಗಿ ಮಾರ್ಪಡಿಸುವ ಯಂತ್ರ. ಚಲಿಸುತ್ತಿರುವ ವಾಹನದಲ್ಲಿ ಚಲನಶಕ್ತಿ ಇರುತ್ತದೆ. ಘರ್ಷಣೆಯ ಮೂಲಕ ಬ್ರೇಕು ಅದನ್ನು ಉಷ್ಣವನ್ನಾಗಿ ಮಾಡಿ ಗಾಳಿಗೆ ಬಿಡುತ್ತದೆ. ಸವಾರನೂ ಸೈಕಲ್ಲೂ ಸೇರಿ 90 ಕಿಲೋಗ್ರಾಂ ತೂಗುವರೆಂದು ಭಾವಿಸಿದರೆ, ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಅವರ ಚಲನಶಕ್ತಿ ಸುಮಾರು 780 ಜೂಲ್. ವೇಗ 25 ಕಿಲೋಮೀಟರಿಗೆ ಏರಿದಾಗ ಅದು ಸುಮಾರು 2,170 ಜೂಲ್ ಆಗುತ್ತದೆ. ವೇಗ ಎರಡು ಪಟ್ಟು ಕೂಡ ಆಗಲಿಲ್ಲ. ಶಕ್ತಿ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸಿ ಬೆಳೆಯುವುದೇ ಇದಕ್ಕೆ ಕಾರಣ. ತುಳಿಯುವ ಸೈಕಲ್ಲಿಗೆ ಸಾಕಾಗಿದ್ದ ಬ್ರೇಕು ಮೋಟಾರು ಕೂಡಿಸಿದ ಸೈಕಲ್ಲಿಗೆ ಏಕೆ ಸಾಲದು ಎಂಬುದನ್ನು ಈ ಎರಡು ಸಂಖ್ಯೆಗಳೇ ಹೇಳುತ್ತವೆ.

ಇಳಿಜಾರಿನಲ್ಲಿ ಸ್ಥಿತಿ ಮತ್ತೂ ಕಠಿಣ. ಅದೇ ಸವಾರನು 100 ಮೀಟರು ಎತ್ತರದ ದಿಣ್ಣೆಯಿಂದ ವೇಗವನ್ನು ಹೆಚ್ಚಿಸಿಕೊಳ್ಳದೆ ಬ್ರೇಕು ಹಿಡಿದುಕೊಂಡೇ ಇಳಿದರೆ, ಸುಮಾರು 88,000 ಜೂಲ್ ಪ್ರಚ್ಛನ್ನ ಶಕ್ತಿ ಉಷ್ಣವಾಗಬೇಕು. ಅದರಲ್ಲಿ ಸ್ವಲ್ಪ ಭಾಗವನ್ನು ಎದುರುಗಾಳಿ ಹೊತ್ತುಕೊಳ್ಳುತ್ತದೆ. ಉಳಿದುದೆಲ್ಲ ಬ್ರೇಕಿನ ಪಾಲು. ಸಮತಟ್ಟಾದ ರಸ್ತೆಯಲ್ಲಿ ಪೂರ್ತಿ ವೇಗದಿಂದ ನಾಲ್ವತ್ತು ಸಲ ನಿಂತು ನಿಂತು ಹೊರಟಂತಾಯಿತು. ಘಟ್ಟ ಇಳಿದು ಬಂದ ಸೈಕಲ್ಲಿನ ರಿಮ್ಮನ್ನು ಮುಟ್ಟಿದವರ ಬೆರಳು ಚುರುಗುಟ್ಟುವುದು ಸುಮ್ಮನೆ ಅಲ್ಲ.

ಬೈಸಿಕಲ್ಲಿನ ಇತಿಹಾಸದಲ್ಲಿ ಓಡುವ ಉಪಾಯ ಮೊದಲು ಬಂದಿತು. ನಿಲ್ಲುವ ಉಪಾಯ ಕುಂಟುತ್ತ ಅದರ ಹಿಂದೆ ಬಂದಿತು. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಎರಡು ಗಾಲಿಗಳ ಮರದ ಓಟದ ಯಂತ್ರವನ್ನು ಏರಿ ಹೊರಟಾಗ, ಅದಕ್ಕೆ ತುಳಿಗಾಲುಗಳೇ ಇರಲಿಲ್ಲ. ಕಾಲುಗಳಿಂದ ನೆಲವನ್ನು ಒದ್ದು ಓಡಿಸುತ್ತಿದ್ದ ಆ ಯಂತ್ರದ ಸವಾರನಿಗೆ ಕಾಲೂರಿ ನಿಲ್ಲುವುದೂ ಸುಲಭವಾಗಿಯೇ ಇದ್ದಿತು. ಆಮೇಲೆ ಬಂದುದು ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇರುವ ಎತ್ತರದ ಬೈಸಿಕಲ್ಲು. ಅದರ ಮೇಲೆ ಕುಳಿತವನ ಕಾಲು ನೆಲಕ್ಕೆ ನಿಲುಕುತ್ತಿರಲಿಲ್ಲ. ಚಮಚದ ಆಕಾರದ ಲೋಹದ ತುಂಡೊಂದನ್ನು ಮುಂದಿನ ಗಾಲಿಯ ಗಟ್ಟಿ ರಬ್ಬರಿನ ಮೇಲೆ ಒತ್ತುವುದೇ ಅದರ ಬ್ರೇಕು. ಅದನ್ನು ಮೆಲ್ಲಗೆ ಒತ್ತಿದರೆ ಗಾಲಿ ನಿಲ್ಲುತ್ತಿರಲಿಲ್ಲ. ಬಲವಾಗಿ ಒತ್ತಿದರೆ ಗಾಲಿ ನಿಂತು ಸವಾರನು ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದನು. ಆದುದರಿಂದಲೇ ಇಳಿಜಾರಿನಲ್ಲಿ ಕೆಲವು ಸವಾರರು ಎರಡು ಕಾಲುಗಳನ್ನೂ ಹ್ಯಾಂಡಲಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದರು. ಎಸೆಯಲ್ಪಟ್ಟರೂ ತಲೆಯ ಮೇಲೆ ಬೀಳದೆ ಕಾಲಿನ ಮೇಲೆ ಬೀಳಬಹುದೆಂಬುದು ಅವರ ಲೆಕ್ಕಾಚಾರ! ಬ್ರೇಕು ಹಿಡಿಯದಿದ್ದಾಗ ಚಪ್ಪಲಿಯ ಅಟ್ಟೆಯನ್ನು ಟೈರಿಗೆ ಒತ್ತಿ ಸೈಕಲ್ಲನ್ನು ನಿಲ್ಲಿಸುವ ಹುಡುಗರು, ತಮಗೆ ತಿಳಿಯದೆಯೇ, ಆ ಹಳೆಯ ಚಮಚದ ಬ್ರೇಕನ್ನೇ ಬಳಸುತ್ತಿರುತ್ತಾರೆ.

1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಸರಪಣಿಯಿಂದ ಹಿಂದಿನ ಗಾಲಿಯನ್ನು ತಿರುಗಿಸುವ ತಗ್ಗಾದ ‘ರೋವರ್’ ಸೈಕಲ್ಲನ್ನು ಹೊರತಂದನು. ಮೂರು ವರ್ಷಗಳ ಬಳಿಕ, ಬೆಲ್‌ಫಾಸ್ಟಿನಲ್ಲಿ ನೆಲೆಸಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಗಾಳಿಯ ಟೈರು ಸವಾರಿಯನ್ನು ಸುಖಕರವಾಗಿ ಮಾಡಿತು. ಜೊತೆಗೆ ಚಮಚದ ಬ್ರೇಕಿನ ಕಾಲವನ್ನು ಮುಗಿಸಿತು. ಲೋಹದ ತುಂಡು ಉಜ್ಜಿದರೆ ಟೈರು ಬೇಗನೆ ಸವೆಯುತ್ತಿದ್ದುದರಿಂದ, ಬ್ರೇಕು ಟೈರನ್ನು ಬಿಟ್ಟು ರಿಮ್ಮಿಗೆ ಇಳಿಯಿತು.

ಭಾರತದ ಹಳ್ಳಿಹಳ್ಳಿಗೂ ತಲಪಿದ ದೊಡ್ಡ ಕಪ್ಪು ಸೈಕಲ್ಲಿನ ಬ್ರೇಕು ಈ ಬಗೆಯದೇ. ಹಿಡಿಯನ್ನು ಅದುಮಿದರೆ ಉಕ್ಕಿನ ಸರಳುಗಳು ಮೇಲಕ್ಕೆ ಸರಿಯುತ್ತವೆ. ಕುದುರೆಯ ರಿಕಾಪಿನಂತೆ ಚಕ್ರವನ್ನು ಬಳಸಿ ನಿಂತಿರುವ ಕವಲಿನ ಎರಡು ತುದಿಯ ಬ್ರೇಕ್ ರಬ್ಬರುಗಳು ರಿಮ್ಮಿನ ಒಳಮೈಯನ್ನು ಒತ್ತುತ್ತವೆ. ಅದು ಸರಳ, ಗಟ್ಟಿಮುಟ್ಟು; ಸುತ್ತಿಗೆ ಇಕ್ಕಳಗಳಿದ್ದ ಯಾರಾದರೂ ಅದನ್ನು ಸರಿಮಾಡಬಹುದು. ಹಾಲಿನ ಕ್ಯಾನುಗಳನ್ನು ತೂಗಿಹಾಕಿಕೊಂಡವರೂ ಕ್ಯಾರಿಯರಿನ ಮೇಲೆ ಭತ್ತದ ಮೂಟೆ ಕಟ್ಟಿದವರೂ ದಶಕಗಳ ಕಾಲ ಅದನ್ನೇ ನಂಬಿ ನಡೆದರು. ಮಳೆಗಾಲದಲ್ಲಿ ಮಾತ್ರ ಅದರ ಗುಟ್ಟು ಹೊರಬೀಳುತ್ತಿದ್ದಿತು. ಹೊಳೆಯುವ ಲೇಪನದ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಅದರ ಮೇಲೆ ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಮಲೆನಾಡಿನ ಸವಾರರು ಜಡಿಮಳೆಯಲ್ಲಿ ಇಳಿಜಾರು ಬಂದೊಡನೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗುವುದು ಹೇಡಿತನವಲ್ಲ, ಅನುಭವದ ಪಾಠ.

ಸರಳಿನ ಸ್ಥಾನಕ್ಕೆ ತಂತಿ ಬಂದುದು ಇನ್ನೊಂದು ಹೆಜ್ಜೆ. 1896ರಲ್ಲಿ ಅರ್ನೆಸ್ಟ್ ಮನಿಂಗ್ಟನ್ ಬೌಡನ್ ಎಂಬಾತನಿಗೆ ಹಕ್ಕುಪತ್ರ ದೊರೆತ ಆ ಉಪಾಯ ನೋಡಲು ತೀರ ಸಾಮಾನ್ಯ. ಸುರುಳಿ ಸುತ್ತಿದ ತಂತಿಯ ಹೊರಕೊಳವೆ. ಅದರೊಳಗೆ ಜಾರುವ ಎಳೆತಂತಿ. ಕೊಳವೆಯನ್ನು ಎತ್ತ ಬಾಗಿಸಿದರೂ ಒಳಗಿನ ತಂತಿ ಎಳೆತವನ್ನು ತುದಿಗೆ ಮುಟ್ಟಿಸುತ್ತದೆ. ಸರಳು ನೇರವಾಗಿ ಮಾತ್ರ ಎಳೆಯಬಲ್ಲದು. ತಂತಿಯಾದರೋ ಮೂಲೆಯನ್ನು ತಿರುಗಿ ಹೋಗಬಲ್ಲದು. ಈ ತಂತಿ ಇಲ್ಲದೆ ಮಡಿಚುವ ಸೈಕಲ್ಲಿನಲ್ಲಿ ಬ್ರೇಕನ್ನು ಕೂಡಿಸುವುದು ಬಹಳ ಕಷ್ಟವಾಗುತ್ತಿದ್ದಿತು.

ಮಡಿಚುವ ಸೈಕಲ್ಲು ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಿ.ಎಸ್.ಎ. ಕಾರ್ಖಾನೆಯು ಪ್ಯಾರಾಷೂಟಿನಿಂದ ಇಳಿಯುವ ಸೈನಿಕರಿಗಾಗಿ ನಡುವೆ ಮಡಿಚುವ ಸೈಕಲ್ಲನ್ನು ತಯಾರಿಸಿತ್ತು. 1970ರ ದಶಕದ ನಡುಭಾಗದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರನು 16 ಅಂಗುಲದ ಚಕ್ರಗಳ ಸೈಕಲ್ಲೊಂದನ್ನು ತನ್ನ ವಾಸದ ಕೋಣೆಯಲ್ಲಿಯೇ ರೂಪಿಸಲು ತೊಡಗಿದನು. ಆತನ ಮನೆಯ ಎದುರಿಗಿದ್ದ ಬ್ರಾಂಪ್ಟನ್ ಆರಟರಿ ಎಂಬ ಚರ್ಚಿನ ಹೆಸರಿನಿಂದ ಆ ಸೈಕಲ್ಲಿಗೆ ‘ಬ್ರಾಂಪ್ಟನ್’ ಎಂಬ ಹೆಸರು ಬಂದಿತು. 2017ರಲ್ಲಿ ಅದರ ವಿದ್ಯುತ್ ಮಾದರಿಯೂ ಪ್ರಕಟವಾಯಿತು. ಅಷ್ಟರಲ್ಲಿ 20 ಅಂಗುಲದ ಚಕ್ರಗಳೂ ಬ್ಯಾಟರಿಯೂ ಉಳ್ಳ ಮಡಿಚುವ ಸೈಕಲ್ಲುಗಳು ಅನೇಕ ದೇಶಗಳ ನಗರಗಳಲ್ಲಿ ಕಾಣಿಸಿಕೊಂಡಿದ್ದವು. ಸಣ್ಣ ಮನೆ, ಕಿಕ್ಕಿರಿದ ರೈಲು, ಕಳ್ಳರ ಭಯ - ಈ ಮೂರೂ ಕೂಡಿದಲ್ಲಿ ಇಂಥ ವಾಹನಕ್ಕೆ ಬೆಲೆ ಬರುವುದು ಸಹಜ.

ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು ಇಂಥ ಸೈಕಲ್ಲನ್ನು ಮೋಟಾರು ವಾಹನವೆಂದು ಗಣಿಸದಿರಬೇಕಾದರೆ ಕೆಲವು ನಿಬಂಧನೆಗಳನ್ನು ಹಾಕಿವೆ. ಮೋಟಾರಿನ ಸಾಮರ್ಥ್ಯ 250 ವ್ಯಾಟಿನ ಒಳಗಿರಬೇಕು. ವೇಗ ಗಂಟೆಗೆ 25 ಕಿಲೋಮೀಟರನ್ನು ತಲಪುತ್ತಿದ್ದಂತೆ ಮೋಟಾರಿನ ನೆರವು ನಿಲ್ಲಬೇಕು. ಇವುಗಳ ಜೊತೆಯಲ್ಲಿಯೇ, ತಕ್ಕ ಬ್ರೇಕುಗಳಿರಬೇಕೆಂಬ ಮಾತೂ ಆ ನಿಯಮದಲ್ಲಿ ಸೇರಿದೆ. ‘ತಕ್ಕ’ ಎಂಬ ಮಾತಿನ ಅರ್ಥವನ್ನು ಕೊಳ್ಳುವವನೇ ತಿಳಿದುಕೊಳ್ಳಬೇಕು. ಅಗ್ಗದ ಸೈಕಲ್ಲುಗಳಲ್ಲಿ ಮೋಟಾರಿಗೂ ಬ್ಯಾಟರಿಗೂ ಹಣ ಸುರಿದು ಬ್ರೇಕಿನಲ್ಲಿ ಕೈಹಿಡಿತ ಮಾಡುವುದು ಅಪರೂಪವಲ್ಲ. ಮೋಟಾರಿನ ಬಲ ಅಂಗಡಿಯ ಮುಂದಿನ ಒಂದೇ ಸುತ್ತಿನಲ್ಲಿ ತಿಳಿಯುತ್ತದೆ. ಬ್ರೇಕಿನ ದೌರ್ಬಲ್ಯ ತಿಳಿಯುವುದಕ್ಕೆ ಒಂದು ಮಳೆಗಾಲ ಬೇಕು.

ಚಿಕ್ಕ ಚಕ್ರದ ಪರಿಣಾಮವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಅದರಲ್ಲಿ ಕೆಡುಕೂ ಇದೆ, ಒಳಿತೂ ಇದೆ. ರಿಮ್ಮನ್ನು ಹಿಡಿಯುವ ಬ್ರೇಕಿಗೆ ಚಿಕ್ಕ ಚಕ್ರ ಕೆಡುಕು. ದೊಡ್ಡ ಸೈಕಲ್ಲಿನ 28 ಅಂಗುಲದ ಚಕ್ರ ಒಂದು ಕಿಲೋಮೀಟರಿನಲ್ಲಿ ಸುಮಾರು 450 ಸುತ್ತು ತಿರುಗಿದರೆ, 20 ಅಂಗುಲದ್ದು ಸುಮಾರು 640 ಸುತ್ತು ತಿರುಗಬೇಕು. ರಿಮ್ಮಿನ ಪ್ರತಿಯೊಂದು ಭಾಗವೂ ಅಷ್ಟು ಹೆಚ್ಚು ಸಲ ರಬ್ಬರಿಗೆ ಉಜ್ಜುತ್ತದೆ, ಬೇಗ ಸವೆಯುತ್ತದೆ. ರಿಮ್ಮಿನಲ್ಲಿರುವ ಲೋಹವೂ ಕಡಮೆಯಾದುದರಿಂದ ಅಷ್ಟೇ ಉಷ್ಣಕ್ಕೆ ಅದು ಹೆಚ್ಚು ಬಿಸಿಯಾಗುತ್ತದೆ. ಉದ್ದವಾದ ಇಳಿಜಾರಿನಲ್ಲಿ ರಿಮ್ಮು ಅತಿಯಾಗಿ ಕಾದರೆ ಒಳಗಿನ ಟ್ಯೂಬು ಒಡೆಯುವ ಭಯವೂ ಉಂಟು.

ಚಕ್ರದ ನಡುವೆ ಹಬ್ಬಿಗೆ ಕೂಡಿಸಿದ ಉಕ್ಕಿನ ಬಿಲ್ಲೆಯನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಡಿಸ್ಕ್ ಬ್ರೇಕಿನ ಸಂಗತಿ ಬೇರೆ. 1902ರಲ್ಲಿಯೇ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಮೋಟಾರು ಗಾಡಿಗಾಗಿ ಇದನ್ನು ಯೋಚಿಸಿದ್ದನು. 1953ರ ಲ ಮಾನ್ ಓಟದ ಪಂದ್ಯವನ್ನು ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನ ಸಹಾಯದಿಂದ ಗೆದ್ದ ಮೇಲೆ ಜಗತ್ತು ಅದರತ್ತ ಗಮನ ಹರಿಸಿತು. ಬೈಸಿಕಲ್ಲಿಗೆ ಅದು ವ್ಯಾಪಕವಾಗಿ ಇಳಿದುಬಂದುದು ಬಹಳ ತಡವಾಗಿ. ಬಿಲ್ಲೆಯ ಅಡ್ಡಳತೆ 160 ಮಿಲಿಮೀಟರಾದರೆ ಅದರ ತ್ರಿಜ್ಯ 80 ಮಿಲಿಮೀಟರು. 28 ಅಂಗುಲದ ಚಕ್ರದ ತ್ರಿಜ್ಯ ಸುಮಾರು 350 ಮಿಲಿಮೀಟರು. 20 ಅಂಗುಲದ ಚಕ್ರದ್ದು ಸುಮಾರು 250. ಬಿಲ್ಲೆಯ ಅಂಚಿನಲ್ಲಿ ಹಿಡಿದ ಬಲ ನೆಲವನ್ನು ಮುಟ್ಟುವಾಗ ಸನ್ನೆಯ ನಿಯಮದಂತೆ ತಗ್ಗುತ್ತದೆ. ದೊಡ್ಡ ಚಕ್ರದಲ್ಲಿ ಅದು ಕಾಲುಭಾಗಕ್ಕೂ ಕಡಮೆಯಾದರೆ, ಚಿಕ್ಕ ಚಕ್ರದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗ ಉಳಿಯುತ್ತದೆ. ಅಂದರೆ ಒಂದೇ ಬ್ರೇಕು ದೊಡ್ಡ ಚಕ್ರದಲ್ಲಿ 5 ಪಾಲು ಕೆಲಸ ಮಾಡಿದರೆ ಚಿಕ್ಕ ಚಕ್ರದಲ್ಲಿ 7 ಪಾಲು ಮಾಡುತ್ತದೆ. ಬಿಲ್ಲೆ ನೆಲದ ಕೆಸರಿಗೂ ನೀರಿಗೂ ರಿಮ್ಮಿನಷ್ಟು ಹತ್ತಿರವಿರುವುದಿಲ್ಲ ಎಂಬುದು ಇನ್ನೊಂದು ಅನುಕೂಲ. ಮಡಿಚುವ ಸೈಕಲ್ಲಿಗೆ ಡಿಸ್ಕ್ ಬ್ರೇಕು ಒಪ್ಪುವುದು ಇದಕ್ಕಾಗಿ.

ಹಾಗೆಂದು ರಿಮ್ಮಿನ ಬ್ರೇಕಿರುವ ಯಾವ ಸೈಕಲ್ಲಿಗಾದರೂ ಬಿಲ್ಲೆಯನ್ನು ಕೂಡಿಸಲು ಸಾಧ್ಯವಿಲ್ಲ. ಬ್ರೇಕಿನ ಬಾಯಿಯನ್ನು ಬಿಗಿಯುವುದಕ್ಕೆ ಮುಂದಿನ ಫೋರ್ಕಿನಲ್ಲಿಯೂ ಹಿಂದಿನ ಚೌಕಟ್ಟಿನಲ್ಲಿಯೂ ತಯಾರಕರೇ ಮಾಡಿಟ್ಟ ಆಸರೆ ಇರಬೇಕು. ಹಬ್ಬಿನಲ್ಲಿ, ಅಥವಾ ಹಬ್ಬಿನೊಳಗೇ ಮೋಟಾರು ಇದ್ದರೆ ಅದರ ಮುಚ್ಚಳದಲ್ಲಿ, ಬಿಲ್ಲೆಯ ಆರು ತಿರುಪುಗಳಿಗೆ ರಂಧ್ರಗಳಿರಬೇಕು. ಇವು ಇಲ್ಲದ ಸೈಕಲ್ಲಿಗೆ ವೆಲ್ಡಿಂಗ್ ಮಾಡಿಸಿ ಆಸರೆಯನ್ನು ಅಂಟಿಸುವುದು ಅವಿವೇಕ. ಅಲ್ಯುಮಿನಿಯಮ್ಮಿನ ತೆಳುಕೊಳವೆ ಕಾದು ಮೆತ್ತಗಾಗಿ, ಬ್ರೇಕು ಬಲವಾಗಿ ಹಿಡಿದ ಗಳಿಗೆಯಲ್ಲಿಯೇ ಮುರಿಯಬಹುದು. ಅಂಥ ಸೈಕಲ್ಲಿನವನು ಒಳ್ಳೆಯ ರಬ್ಬರು, ಹೊಸ ತಂತಿ, ಹಿಡಿಗೆ ಹೊಂದುವ ಬ್ರೇಕಿನ ತೋಳು ಇವುಗಳಲ್ಲಿಯೇ ತೃಪ್ತಿ ಪಡಬೇಕು. ಹಿಡಿಗೆ ಹೊಂದಬೇಕೆಂಬ ಮಾತು ಮುಖ್ಯವಾದುದು. ಜಪಾನಿನ ಶಿಮಾನೋ ಸಂಸ್ಥೆ 1996ರಲ್ಲಿ ಬಳಕೆಗೆ ತಂದ ‘ವಿ-ಬ್ರೇಕಿ’ನ ಉದ್ದ ತೋಳುಗಳಿಗೆ ಹಳೆಯ ಬ್ರೇಕುಗಳ ಸುಮಾರು ಎರಡರಷ್ಟು ತಂತಿಯನ್ನು ಎಳೆಯಬೇಕು. ಹಳೆಯ ಹಿಡಿಗೆ ಹೊಸ ತೋಳನ್ನು ಕಟ್ಟಿದರೆ, ಹಿಡಿ ಹ್ಯಾಂಡಲಿಗೆ ತಾಗಿದರೂ ರಬ್ಬರು ರಿಮ್ಮನ್ನು ಸರಿಯಾಗಿ ಒತ್ತಲಾರದು.

ಡಿಸ್ಕ್ ಬ್ರೇಕು ಮೊದಲೇ ಇದ್ದು, ಅದು ತಂತಿಯಿಂದ ನಡೆಯುವಂಥದಾಗಿದ್ದರೆ ದಾರಿ ಸುಗಮ. ಹೆಚ್ಚಿನ ಮಡಿಚುವ ವಿದ್ಯುತ್ ಸೈಕಲ್ಲುಗಳ ಸ್ಥಿತಿ ಇದೇ. ಅದರ ಸವಾರನು ಹೊಸ ಬ್ರೇಕನ್ನು ಕೊಳ್ಳುವ ಮೊದಲು ಹಳೆಯದರ ರೋಗವನ್ನು ಹುಡುಕುವುದು ಒಳ್ಳೆಯದು. ಬ್ಯಾಟರಿಯ ಕಟ್ಟಿನ ಬಳಿ, ಮಡಿಚುವ ಕೀಲಿನ ಬಳಿ, ಹ್ಯಾಂಡಲಿನ ಕೊರಳಿನ ಬಳಿ, ಹೀಗೆ ಮೂರು ನಾಲ್ಕು ಕಡೆ ತಂತಿ ಚುರುಕಾಗಿ ಬಾಗಿರುತ್ತದೆ. ಪ್ರತಿಯೊಂದು ಬಾಗಿನಲ್ಲಿಯೂ ಘರ್ಷಣೆ ಬೆರಳಿನ ಬಲದ ಸುಂಕವನ್ನು ವಸೂಲು ಮಾಡುತ್ತದೆ. ಎಳೆದಾಗ ಹೊರಕೊಳವೆಯೂ ಕೊಂಚ ಕುಗ್ಗುತ್ತದೆ. ಹಿಡಿಯನ್ನು ಹಿಸುಕಿದಾಗ ಸ್ಪಂಜನ್ನು ಹಿಸುಕಿದಂತೆ ಭಾಸವಾಗುವುದು ಇದರಿಂದಲೇ. ಒತ್ತಡಕ್ಕೆ ಕುಗ್ಗದ ಹೊರಕೊಳವೆ, ತುಕ್ಕು ಹಿಡಿಯದ ಒಳತಂತಿ, ಹೊಸ ಪ್ಯಾಡು, ಸ್ಪಿರಿಟ್ಟಿನಿಂದ ಒರೆಸಿದ ಬಿಲ್ಲೆ - ಇಷ್ಟರಿಂದಲೇ ಎಷ್ಟೋ ಬ್ರೇಕುಗಳು ಮರುಹುಟ್ಟು ಪಡೆಯುತ್ತವೆ. ಬಿಲ್ಲೆಯನ್ನು ಬರಿಯ ಬೆರಳಿನಿಂದ ಮುಟ್ಟಬಾರದು. ಸರಪಣಿಗೆ ಹಾಕುವ ಎಣ್ಣೆಯ ಒಂದು ಹನಿ ಸಿಡಿದರೂ ಪ್ಯಾಡು ಅದನ್ನು ಹೀರಿಕೊಂಡು ಕೆಡುತ್ತದೆ; ಆಮೇಲೆ ಅದನ್ನು ಬದಲಾಯಿಸುವುದೇ ಮೇಲು.

ಇಷ್ಟಾದರೂ ಸಾಲದೆ ಹೋದರೆ ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿಗೆ ಮೊರೆಹೋಗಬೇಕು. ಇದರ ಹಿಂದೆ ನಿಂತಿರುವವನು ಹದಿನೇಳನೆಯ ಶತಮಾನದ ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹೇರಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬುದು ಅವನ ನಿಯಮ. ಹಿಡಿಯ ಬಳಿ ಇರುವ ಪಿಸ್ಟನ್ನಿನ ಅಡ್ಡಳತೆ 10 ಮಿಲಿಮೀಟರು, ಬಿಲ್ಲೆಯ ಪಕ್ಕದ ಪಿಸ್ಟನ್ನಿನದು 20 ಮಿಲಿಮೀಟರು ಎಂದಿಟ್ಟುಕೊಂಡರೆ, ಎರಡನೆಯದರ ಹರವು ಮೊದಲನೆಯದರ ನಾಲ್ಕು ಪಟ್ಟು. ಬಲವೂ ನಾಲ್ಕು ಪಟ್ಟಾಗುತ್ತದೆ. ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲವಾದುದರಿಂದ ಚಲನೆ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಆದರೆ ಪ್ಯಾಡಿಗೂ ಬಿಲ್ಲೆಗೂ ನಡುವಿನ ಅಂತರ ಕೂದಲೆಳೆಯಷ್ಟೇ ಆದುದರಿಂದ ತೊಂದರೆಯಿಲ್ಲ. ಕೊಳವೆ ಎಷ್ಟು ಸಲ ಬಾಗಿದರೂ ದ್ರವಕ್ಕೆ ಅದು ತಂತಿಯಷ್ಟು ಅಡ್ಡಿಯಲ್ಲ. ಪ್ಯಾಡು ಸವೆದಂತೆಲ್ಲ ಪಿಸ್ಟನ್ನು ತಾನಾಗಿಯೇ ಮುಂದಕ್ಕೆ ಬಂದು ನಿಲ್ಲುತ್ತದೆ. ಎರಡು ಬೆರಳುಗಳಿಂದ ಸಾಧ್ಯವಾಗದಿದ್ದ ಕೆಲಸ ಒಂದು ಬೆರಳಿನಿಂದ ಆಗುತ್ತದೆ.

ದ್ರವಕ್ಕೆ ಒಬ್ಬ ಶತ್ರುವಿದ್ದಾನೆ; ಅವನೇ ಗಾಳಿ. ದ್ರವವನ್ನು ಹಿಸುಕಿ ಕಿರಿದು ಮಾಡುವುದು ಅಸಾಧ್ಯವೆನ್ನುವಷ್ಟು ಕಷ್ಟ. ಗಾಳಿಯನ್ನು ಹಿಸುಕುವುದು ಸುಲಭ. ಕೊಳವೆಯಲ್ಲಿ ಒಂದು ಗುಳ್ಳೆ ಸೇರಿಕೊಂಡರೆ ಬೆರಳಿನ ಶ್ರಮವೆಲ್ಲ ಅದನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಆದುದರಿಂದ ದ್ರವ ತುಂಬುವಾಗ ಗುಳ್ಳೆಗಳನ್ನೆಲ್ಲ ಹೊರದೂಡಬೇಕು. ಯಾವ ದ್ರವ ಎಂಬುದೂ ಅಷ್ಟೇ ಮುಖ್ಯ. ಕೆಲವು ಬ್ರೇಕುಗಳು ಖನಿಜ ತೈಲವನ್ನು ಬೇಡುತ್ತವೆ. ಕೆಲವು ಕಾರುಗಳಲ್ಲಿ ಬಳಸುವ ‘ಡಾಟ್’ ದ್ರವವನ್ನು. ಒಂದರ ಬದಲು ಇನ್ನೊಂದನ್ನು ತುಂಬಿದರೆ ಒಳಗಿನ ರಬ್ಬರು ಉಂಗುರಗಳು ಉಬ್ಬಿ ಕೆಡುತ್ತವೆ. ಡಾಟ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಅದು ಕುದಿದು ಆವಿಯಾದರೆ, ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಹಿಡಿ ಹ್ಯಾಂಡಲಿಗೆ ತಾಗುತ್ತದೆ, ಗಾಲಿ ನಿಲ್ಲುವುದಿಲ್ಲ.

ಮಡಿಚುವ ಸೈಕಲ್ಲಿನಲ್ಲಿ ಇನ್ನೂ ಒಂದು ತೊಡಕು. ದಿನಕ್ಕೆ ನಾಲ್ಕು ಸಲ ಮಡಿಚಿ ಬಿಚ್ಚುವ ಕೀಲಿನ ಪಕ್ಕದಲ್ಲಿಯೇ ಬ್ರೇಕಿನ ಕೊಳವೆ ಹಾದುಹೋಗಬೇಕು. ಅದು ಗಿಡ್ಡವಾದರೆ ಮಡಿಚುವಾಗ ಎಳೆದು ಕಿತ್ತುಬರುತ್ತದೆ. ಉದ್ದವಾದರೆ ಕೀಲಿನ ಬಾಯಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಆದುದರಿಂದ ಅಳತೆಗೆ ಕತ್ತರಿಸುವ ಮೊದಲು ಸೈಕಲ್ಲನ್ನು ಪೂರ್ತಿ ಮಡಿಚಿಯೂ, ಪೂರ್ತಿ ಬಿಚ್ಚಿ ಹ್ಯಾಂಡಲನ್ನು ಎರಡು ಕಡೆಗೆ ತಿರುಗಿಸಿಯೂ ಕೊಳವೆಯ ದಾರಿಯನ್ನು ನೋಡಬೇಕು. ಈ ತೊಡಕಿಗೆ ಅಂಜಿದವರಿಗೆ ನಡುದಾರಿಯೊಂದುಂಟು. ಹಿಡಿಯಿಂದ ಚಕ್ರದವರೆಗೆ ಹಳೆಯ ತಂತಿಯೇ ಹೋಗುತ್ತದೆ; ಚಕ್ರದ ಬಳಿಯ ಬ್ರೇಕಿನ ಬಾಯಿಯೊಳಗೆ ಮಾತ್ರ ದ್ರವವಿರುತ್ತದೆ. ತಂತಿಯ ಘರ್ಷಣೆ ಇದರಲ್ಲಿ ಉಳಿದೇ ಉಳಿಯುತ್ತದೆ. ಆದರೂ ಎರಡು ಪ್ಯಾಡುಗಳೂ ಸಮನಾಗಿ ಒತ್ತುವುದರಿಂದ ಹಿಡಿತ ಉತ್ತಮಗೊಳ್ಳುತ್ತದೆ. ಹಳೆಯ ಹಿಡಿಯನ್ನು ಬದಲಾಯಿಸಬೇಕಾಗಿಲ್ಲ ಎಂಬುದು ಇದರ ದೊಡ್ಡ ಲಾಭ.

ಆ ಹಿಡಿಯಲ್ಲಿ ಬ್ರೇಕಿನ ತಂತಿಯಲ್ಲದೆ ಇನ್ನೊಂದು ತೆಳುವಾದ ತಂತಿಯೂ ಇರುತ್ತದೆ. ಅವಸರದಲ್ಲಿ ಅದನ್ನು ಕತ್ತರಿಸಿ ಎಸೆದವರು ಪಶ್ಚಾತ್ತಾಪ ಪಟ್ಟಿದ್ದಾರೆ. ಹಿಡಿಯನ್ನು ಅದುಮಿದ ಕ್ಷಣದಲ್ಲಿಯೇ ಮೋಟಾರಿನ ವಿದ್ಯುತ್ತನ್ನು ತಡೆಹಿಡಿಯುವ ಸ್ವಿಚ್ಚಿನ ತಂತಿ ಅದು. ಅದಿಲ್ಲದಿದ್ದರೆ ಬ್ರೇಕು ಒಂದು ಕಡೆಗೆ, ಮೋಟಾರು ಇನ್ನೊಂದು ಕಡೆಗೆ ಎಳೆದಾಡುವ ಸಂಭವವುಂಟು. ಹೊಸ ಹಿಡಿಯಲ್ಲಿಯೂ ಇಂಥ ಸ್ವಿಚ್ಚು ಇರಬೇಕು. ಅದರ ಕೂಡುಗೊಂಡಿ ಮೋಟಾರಿನ ನಿಯಂತ್ರಕಕ್ಕೆ ಹೊಂದಬೇಕು. ಸ್ವಿಚ್ಚಿಲ್ಲದ ಹಿಡಿಗೆ ಪುಟ್ಟ ಅಯಸ್ಕಾಂತವನ್ನೂ ಅದನ್ನು ಗುರುತಿಸುವ ಸಾಧನವನ್ನೂ ಹೊರಗಿನಿಂದ ಅಂಟಿಸುವುದುಂಟು. ಮೋಟಾರೇ ಬ್ರೇಕಿನ ಕೆಲಸವನ್ನೂ ಮಾಡಿ ಬ್ಯಾಟರಿಗೆ ಶಕ್ತಿಯನ್ನು ಹಿಂದಿರುಗಿಸುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಹಲ್ಲುಚಕ್ರಗಳುಳ್ಳ ಚಿಕ್ಕ ಹಬ್ಬಿನ ಮೋಟಾರುಗಳಲ್ಲಿ ಚಕ್ರ ಮೋಟಾರಿಗಿಂತ ಮುಂದೋಡಿದಾಗ ಅವೆರಡರ ಸಂಬಂಧ ಬಿಟ್ಟುಹೋಗುವಂತೆ ಏರ್ಪಾಡಿರುತ್ತದೆ. ಅಲ್ಲಿ ಈ ಆಸೆ ಫಲಿಸದು.

ಬಿಲ್ಲೆಯನ್ನು ದೊಡ್ಡದು ಮಾಡುವ ಆಸೆಗೂ ಮಿತಿ ಬೇಕು. 160 ಮಿಲಿಮೀಟರಿನ ಬದಲು 180ರ ಬಿಲ್ಲೆಯನ್ನು ಹಾಕಿದರೆ ಹಿಡಿತ ಎಂಟರಲ್ಲಿ ಒಂದು ಭಾಗದಷ್ಟು ಹೆಚ್ಚುತ್ತದೆ, ಉಷ್ಣವೂ ಬೇಗ ಆರುತ್ತದೆ. ಆದರೆ ಫೋರ್ಕಿನ ಮೇಲೆ ಬೀಳುವ ಒತ್ತಡವೂ ಹೆಚ್ಚುತ್ತದೆ. ತಯಾರಕರು ಹೇಳಿದ ಅಳತೆಯನ್ನು ಮೀರಬಾರದು. ಮಡಿಚಿದಾಗ ದೊಡ್ಡ ಬಿಲ್ಲೆ ಚೌಕಟ್ಟಿಗೆ ತಗುಲಿ ಡೊಂಕಾಗುವುದೂ ಉಂಟು.

ಕೂಡಿಸುವ ಕೆಲಸದಲ್ಲಿ ಆತುರ ಸಲ್ಲದು. ಬ್ಯಾಟರಿಯನ್ನು ಮೊದಲು ಕಳಚಿ ಬೇರೆಡೆ ಇಡಬೇಕು. ಬಿಲ್ಲೆಯ ಆರು ತಿರುಪುಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಇಲ್ಲವಾದರೆ ಬಿಲ್ಲೆ ಓರೆಯಾಗುತ್ತದೆ. ಮೋಟಾರಿನ ಉಬ್ಬಿದ ಮುಚ್ಚಳ ಬ್ರೇಕಿನ ಬಾಯಿಗೆ ತಾಗುವಂತಿದ್ದರೆ ಬಿಲ್ಲೆಯ ಹಿಂದೆ ತೆಳುವಾದ ಉಂಗುರವನ್ನು ಇಡುವುದುಂಟು. ಬ್ರೇಕಿನ ಬಾಯಿಯನ್ನು ಸಡಿಲವಾಗಿ ಕೂಡಿಸಿ, ಹಿಡಿಯನ್ನು ಅದುಮಿ ಹಿಡಿದುಕೊಂಡೇ ಅದರ ಎರಡು ತಿರುಪುಗಳನ್ನು ಬಿಗಿದರೆ ಅದು ಬಿಲ್ಲೆಯ ನಟ್ಟನಡುವೆ ನಿಲ್ಲುತ್ತದೆ. ಆಮೇಲೆ ಚಕ್ರವನ್ನು ತಿರುಗಿಸಿ ಕಿವಿಗೊಡಬೇಕು. ‘ಸರ್ ಸರ್’ ಎಂಬ ಸದ್ದು ಸುತ್ತಿಗೊಮ್ಮೆ ಕೇಳಿಸಿದರೆ ಬಿಲ್ಲೆ ಡೊಂಕಾಗಿದೆ. ಎಡೆಬಿಡದೆ ಕೇಳಿಸಿದರೆ ಬಾಯಿ ಓರೆಯಾಗಿದೆ. ಚಕ್ರವನ್ನು ಕಳಚಿದ್ದಾಗ ಮಾತ್ರ ಹೈಡ್ರಾಲಿಕ್ ಹಿಡಿಯನ್ನು ಎಂದಿಗೂ ಅದುಮಬಾರದು. ಎದುರಿಗೆ ಬಿಲ್ಲೆ ಇಲ್ಲದೆ ಪಿಸ್ಟನ್ನುಗಳು ಮುಂದೆ ಬಂದು ನಿಂತುಬಿಡುತ್ತವೆ.

ಹೊಸ ಪ್ಯಾಡು ಮೊದಲ ದಿನವೇ ಪೂರ್ತಿ ಬಲ ತೋರುವುದಿಲ್ಲ. ಸಂಚಾರವಿಲ್ಲದ ಬಯಲಿನಲ್ಲಿ ಸಾಧಾರಣ ವೇಗಕ್ಕೆ ಏರಿ, ಚಕ್ರ ಪೂರ್ತಿ ನಿಲ್ಲದಂತೆ ಸಮನಾಗಿ ಬ್ರೇಕು ಹಿಡಿದು ನಡಿಗೆಯ ವೇಗಕ್ಕೆ ಇಳಿಸಬೇಕು. ಇಪ್ಪತ್ತು ಸಲವಾದರೂ ಹೀಗೆ ಮಾಡಿದ ಮೇಲೆ ಪ್ಯಾಡಿನ ತೆಳುವಾದ ಪದರ ಬಿಲ್ಲೆಗೆ ಹಚ್ಚಿಕೊಂಡು ಹಿಡಿತ ಹದಕ್ಕೆ ಬರುತ್ತದೆ. ಸವಾರನ ಬೆರಳುಗಳೂ ಹೊಸ ಬ್ರೇಕಿಗೆ ಪಳಗುವುದು ಈ ಸಮಯದಲ್ಲಿಯೇ. ನಿಲ್ಲಿಸುವಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿಂದಿನದು ಹಗುರವಾಗಿ ಜಾರತೊಡಗುತ್ತದೆ. ಹಿಂದಿನ ಬ್ರೇಕೊಂದನ್ನೇ ನೆಚ್ಚಿದವನಿಗೆ ಮುಂದಿನದರಿಂದ ದೊರೆಯುವುದರ ಅರ್ಧದಷ್ಟು ತಡೆಯೂ ಕಷ್ಟದಿಂದ ದೊರೆಯುವುದು. ಆದರೆ ನೆಟ್ಟಗೆ ಕುಳಿತ ಸವಾರನ ವೇಗ ಗುರುತ್ವ ವೇಗೋತ್ಕರ್ಷದ ಅರ್ಧಕ್ಕಿಂತ ಹೆಚ್ಚಿನ ದರದಲ್ಲಿ ತಗ್ಗಿದರೆ ಹಿಂದಿನ ಚಕ್ರ ನೆಲವನ್ನು ಬಿಟ್ಟು ಏಳತೊಡಗುತ್ತದೆ. ಎತ್ತರದ ಬೈಸಿಕಲ್ಲಿನವರು ಹೆದರುತ್ತಿದ್ದ ಆ ಹಳೆಯ ಪತನ, ಒಂದು ಬೆರಳಿಗೆ ನಾಲ್ಕು ಪಟ್ಟು ಬಲ ಬಂದ ಮೇಲೆ, ಮತ್ತೆ ಹತ್ತಿರ ಬಂದು ನಿಲ್ಲುತ್ತದೆ. ಸೊಂಟವನ್ನು ಹಿಂದಕ್ಕೆ ಸರಿಸಿ, ಮೊದಲು ಮೆಲ್ಲಗೆ, ಬಳಿಕ ಬಿಗಿಯಾಗಿ ಹಿಡಿಯುವುದನ್ನು ಬಯಲಿನಲ್ಲಿಯೇ ಕಲಿಯಬೇಕು.

ಬಯಲಿನಿಂದ ಮನೆಗೆ ಮರಳಿದ ಮೇಲೆ ಸೈಕಲ್ಲನ್ನು ಮತ್ತೊಮ್ಮೆ ಮಡಿಚಿ, ಒಂದು ರಾತ್ರಿ ಹಾಗೆಯೇ ಇಟ್ಟು, ಬೆಳಿಗ್ಗೆ ಬಿಚ್ಚಿ ಹಿಡಿಯನ್ನು ಅದುಮಿ ನೋಡುವುದು ವಾಡಿಕೆ. ಹಿಡಿ ನಿನ್ನೆಯಷ್ಟೇ ಗಟ್ಟಿಯಾಗಿದ್ದರೆ ಕೊಳವೆಯಲ್ಲಿ ಗಾಳಿಯಿಲ್ಲ. ಮೆತ್ತಗಾಗಿದ್ದರೆ ಎಲ್ಲಿಯೋ ಒಂದು ಗುಳ್ಳೆ ಉಳಿದಿದೆ. ದ್ರವವನ್ನು ಮತ್ತೆ ತುಂಬಬೇಕು.